ಗುಡ್ಡದ ಮೇಲಿನ ತೆರೆಗಲ್ಲು

ಶಂಭುಲಿಂಗಪ್ಪನ ದನದ ಕೊಟ್ಟಿಗೆಯ ನೆಲ ಕಿತ್ತುಹೋಗಿತ್ತು. ಎಮ್ಮೆ ಕಾಲೂರಿದಲ್ಲೆಲ್ಲ ಕೆಸರು. ೧೯೮೫ರ ಜನವರಿಯ ಒಂದು ಮುಂಜಾನೆ ಅವನು ಹಾರೆ, ಸುತ್ತಿಗೆಗಳನ್ನು ಚಕ್ಕಡಿಗೆ ಹಾಕಿಕೊಂಡು ಊರ ಗುಡ್ಡಕ್ಕೆ ಹೊರಟ. ಜೊತೆಗೆ ಹೆಂಡತಿ ಸುಶೀಲವ್ವ. ಕಲಘಟಗಿ ಕಡೆಯ ಆ ಗುಡ್ಡದ ಮೇಲೆ ಗೆರೆಗೆರೆಯ ಅಗಲವಾದ ಹಾಸುಗಲ್ಲು ಇತ್ತು. ಅದನ್ನು ಹಾಸಿದರೆ ಎಮ್ಮೆ ಜಾರುವುದಿಲ್ಲ ಎಂದು ಅವನ ಲೆಕ್ಕ.

ಬಸ್ ಸ್ಟ್ಯಾಂಡಿನಲ್ಲಿ ಚಹಾದಂಗಡಿ ಇಟ್ಟಿದ್ದ ರಹೀಮಾಬಿ ಹಾರೆ ಹೇರಿದ ಚಕ್ಕಡಿ ಗುಡ್ಡದ ಕಡೆ ಹೊರಟದ್ದು ನೋಡಿ ಓಡಿಬಂದಳು.

"ಕಾಕಾ, ಆ ಗೆರಿ ಕಲ್ಲು ಒಡೀಬ್ಯಾಡ್ರಿ! ಹ್ವಾದ ವಾರ ಧಾರವಾಡದ ಕಾಲೇಜ್ ಮಾಸ್ತರು ಚಾ ಕುಡಕೋತ ಹೇಳ್ಯಾರ. ಇನ್ನೂರು ಕೋಟಿ ವರ್ಷಕ್ಕಿಂತ ಹಳೇದಂತ. ಆವಾಗ ಅಲ್ಲಿ ನೀರಿತ್ತಂತ, ಆ ಗೆರಿ ನೀರಿನ ತೆರಿ ಮೂಡಿಸಿದ್ದಂತ."

"ಗುಡ್ಡದ ಮ್ಯಾಲೆ ನೀರು?" ಶಂಭುಲಿಂಗಪ್ಪ ನಕ್ಕ. "ಚಾದಾಗ ಏನ್ ಹಾಕಿದ್ದಿ ಬೇ?"

ರಹೀಮಾಬಿಗೂ ನಗು ಬಂತು. "ಕೆರಿ ದಂಡಿಗೆ ಬರ್ರಿ, ತೋರಸ್ತೇನಿ."

ಕೆರೆಯ ನೀರು ಹಿಂದೆ ಸರಿದಿತ್ತು. ಹಸಿ ಉಸುಕಿನ ಮೇಲೆ ತೆರೆ ಬಿಟ್ಟುಹೋದ ಸಣ್ಣ ಸಣ್ಣ ಏರುತಗ್ಗು, ಸಾಲು ಸಾಲಾಗಿ. ಸುಶೀಲವ್ವ ಬಗ್ಗಿ ಬೆರಳಾಡಿಸಿದಳು. ಆಮೇಲೆ ಮೂವರೂ ಗುಡ್ಡ ಹತ್ತಿದರು. ಅಲ್ಲಿ ಕಲ್ಲಿನ ಮೇಲೂ ಬೆರಳಾಡಿಸಿದಳು.

"ಏನ್ರಿ, ಇಲ್ಲೆ ಕೈ ಇಡ್ರಿ. ಅದ ಗೆರಿ! ಉಸುಕ ಕಲ್ಲಾಗೇತಿ!"

ಶಂಭುಲಿಂಗಪ್ಪ ಬಹಳ ಹೊತ್ತು ಕೈ ತೆಗೆಯಲಿಲ್ಲ. ಕೊನೆಗೆ, "ಖರೇನ ಬಿಡು. ಆದ್ರ ಎಮ್ಮಿಗೆ ಏನ್ ಹಾಸೂಣು?" ಎಂದ.

"ಹಳ್ಳದಾಗ ಸಾದಾ ಕಲ್ಲು ಬೇಕಾದಷ್ಟು ಬಿದ್ದಾವಲ್ಲ," ಎಂದಳು ಸುಶೀಲವ್ವ. ಚಕ್ಕಡಿ ಹಳ್ಳದ ಕಡೆ ತಿರುಗಿತು.

ಮುಂದಿನ ತಿಂಗಳು ಆ ಮಾಸ್ತರರ ಕಾಲೇಜಿನ ಇಪ್ಪತ್ತು ವಿದ್ಯಾರ್ಥಿಗಳು ಬಂದರು. ಸುಶೀಲವ್ವನ ಜೋಳದ ರೊಟ್ಟಿ, ಬದನೇಕಾಯಿ ಪಲ್ಯ ಚೂರೂ ಉಳಿಯದೆ ಮಾರಾಟವಾದವು. ರಹೀಮಾಬಿಯ ಚಹಾದ ಪಾತ್ರೆ ಒಲೆಯಿಂದ ಇಳಿಯಲೇ ಇಲ್ಲ. ಗುಡ್ಡ ತೋರಿಸಲು ಮುಂದೆ ನಡೆದವನು ಶಂಭುಲಿಂಗಪ್ಪನೇ! ಒಬ್ಬ ಹುಡುಗಿ ನೆನಪಿಗೆಂದು ಒಂದು ಚೂರು ಒಡೆಯಲು ಸುತ್ತಿಗೆ ಎತ್ತಿದಾಗ ಅವನು ಅಡ್ಡ ಬಂದ.

"ತಂಗೀ, ಇಪ್ಪತ್ ಮಂದಿ ಒಂದೊಂದ್ ತುಂಡು ಒಯ್ದ್ರ ನಾಳೆ ಬಂದವ್ರಿಗೆ ನಾ ಏನ್ ತೋರಸ್ಲಿ? ಕೈಯಾಡ್ಸಿ ನೋಡವಾ, ಸಾಕು."

ಹುಡುಗಿ ನಾಚಿ ಸುತ್ತಿಗೆಯನ್ನು ಚೀಲಕ್ಕೆ ಹಾಕಿದಳು.

ಅಕ್ಕ-ತಂಗಿಯರೇ, ಅಣ್ಣ-ತಮ್ಮಂದಿರೇ, ನಿಮ್ಮೂರಿನ ಗುಡ್ಡದಲ್ಲೂ ಅಪರೂಪದ ಕಲ್ಲು ಕಂಡರೆ, ಹಾರೆ ಹಾಕುವ ಮೊದಲು ಶಾಲೆಯ ಮಾಸ್ತರರನ್ನು ಕೇಳಿ, ಪಂಚಾಯಿತಿಗೆ ತಿಳಿಸಿ. ಅದರ ಮೇಲೆ ಹೆಸರು ಕೆತ್ತಬೇಡಿ. ನೋಡಲು ಬಂದವರಿಗೆ ದಾರಿ ತೋರಿಸಿ, ಬಿಸಿ ಊಟ ಮಾಡಿಕೊಡಿ, ಕಸ ಬಿಟ್ಟುಹೋಗದಂತೆ ಹೇಳಿ. ಕೊಯ್ದ ಬೆಳೆ ಬರುವ ವರ್ಷ ಮತ್ತೆ ಬರುತ್ತದೆ. ಒಡೆದ ಇಂಥ ಕಲ್ಲು ಮತ್ತೆ ಬರುವುದಿಲ್ಲ.