ಖಾಜಾಸಾಬರ ಪೀಕದಾನಿ

ನಮ್ಮೂರಿಗೆ ಜೀಪು ಬಂತೆಂದರೆ ಒಳ್ಳೆಯದಕ್ಕೆ ಬಂದದ್ದನ್ನು ನಾನು ಕಂಡಿಲ್ಲ. ಒಮ್ಮೆ ಅಬಕಾರಿಯವರು ಬಂದು ಕಾಡಂಚಿನ ಮಡಕೆಗಳನ್ನು ಒಡೆದು ಹೋದರು. ಒಮ್ಮೆ ಯಾರೋ ಮ್ಯಾಂಗನೀಸ್ ಹುಡುಕುವವರು ಬಂದು ಹೊಲದ ನಡುವೆ ಗುಂಡಿ ತೋಡಿ, ಮುಚ್ಚದೇ ಹೋದರು. ಸೂಪಾದಲ್ಲಿ ಡ್ಯಾಮಿನ ಕೆಲಸ ಶುರುವಾಗಿ ಊರುಗಳು ಮುಳುಗುತ್ತವೆ ಎಂದಾದ ಮೇಲಂತೂ ಯಾರಾದರೂ ಪ್ಯಾಂಟು ಹಾಕಿಕೊಂಡವರು ಗುಡ್ಡದ ಕಡೆ ಕೈ ತೋರಿಸಿದರೆ ಸಾಕು, ನಮ್ಮ ಹೆಂಗಸರು ಒಲೆಯ ಮೇಲಿನ ರೊಟ್ಟಿ ಹೊತ್ತಿದರೂ ಹೊತ್ತಲಿ ಎಂದು ಬಾಗಿಲಿಗೆ ಬಂದು ನಿಲ್ಲುತ್ತಿದ್ದರು. ಹಾಗಾಗಿ ಪೆದ್ರು ಬಂದು, ಗೋವಾದಿಂದ ಒಂದು ಜೀಪು ಮಂದಿಯನ್ನು ಕರೆತರುತ್ತೇನೆ, ನಿಮ್ಮ ಗಾಣದ ಎಣ್ಣೆಯ ರುಚಿ ನೋಡುತ್ತಾರೆ ಎಂದಾಗ ನಾನು ಮೊದಲು ಕೇಳಿದ್ದು ಒಂದೇ.

"ಯಾರ ಕಡೆಯವರಪಾ ಅವರು? ಖರೇ ಹೇಳು."

ನಾನು ಶಿವಗಂಗವ್ವ. ಹಳಿಯಾಳದಿಂದ ದಾಂಡೇಲಿಗೆ ಹೋಗುವ ರಸ್ತೆಯಲ್ಲಿ ನಮ್ಮದು ಎತ್ತಿನ ಗಾಣ. ಓಣಿಯ ಆಚೆ ಬದಿಗೆ ಮಾಗ್ದಲೀನಾಳ ಮನೆ. ಅವಳು ಕ್ರಿಶ್ಚಿಯನ್ ಸಿದ್ದಿ. ಪೆದ್ರು ಅವಳ ತಮ್ಮ. ಗೋವಾದ ಹೋಟೆಲಿನಲ್ಲಿ ಪಾತ್ರೆ ತೊಳೆಯುತ್ತಿದ್ದವನು ಹೇಗೋ ಹಡಗು ಹತ್ತಿ, ಅಲ್ಲಿ ಅಡುಗೆಮನೆಯಲ್ಲಿ ದುಡಿದು, ನಾಲ್ಕು ದೇಶ ನೋಡಿ ಬಂದಿದ್ದ.

"ಅಕ್ಕಾರ, ನಾ ಕಣ್ಣಾರೆ ನೋಡೇನ್ರಿ," ಎಂದ. "ಇಟಲಿ ಅಂತ ದೇಶ. ಅಲ್ಲೊಂದು ಬೆಂಕಿ ಗುಡ್ಡ ಐತಿ, ತುದಿಯಿಂದ ಯಾವಾಗ್ಲೂ ಹೊಗಿ ಬರ್ತೈತಿ. ಅದರ ಬೂದಿ ಬಿದ್ದ ಕರಿ ಮಣ್ಣಾಗ ದ್ರಾಕ್ಷಿ ಬೆಳದು ವೈನ್ ಮಾಡ್ತಾರ. ಆಲಿವ್ ಅಂತ ಒಂದು ಕಾಯಿ, ಅದನ್ನ ಅರದು ಎಣ್ಣಿ ತಗೀತಾರ. ಆ ವೈನು, ಆ ಎಣ್ಣಿ ರುಚಿ ನೋಡಾಕಂತನ ಬಸ್ ತುಂಬಿ ಮಂದಿ ಬರ್ತಾರ್ರಿ. ಮನಿ ಮನಿಗೆ ಹೋಗಿ ಒಂದು ಗುಟುಕು ಬಾಯಾಗ ಹಾಕ್ಕೊಂಡು, ಹೊಳ್ಳಾಡಿಸಿ, ಉಗುಳ್ತಾರ."

"ಉಗುಳ್ತಾರ?"

"ಹೂನ್ರಿ. ನುಂಗಿದ್ರ ನಿಶಾ ಏರಿ ಮುಂದಿನ ಮನಿ ರುಚಿ ತಿಳಿಯೂದಿಲ್ಲಲ್ಲ."

"ಎಣ್ಣಿ ನುಂಗಿದರೂ ನಿಶಾ ಏರತೈತೇನು?"

ಅವನು ಹಲ್ಲು ಕಿರಿದ. ನಮ್ಮ ಮನೆಯವರು ಚನಬಸಪ್ಪ ಎತ್ತಿನ ಮೈ ತಿಕ್ಕುತ್ತ, "ಬರಲಿ ಬಿಡು, ಎಣ್ಣಿ ರುಚಿ ನೋಡಿದರ ಗಾಣ ಏನ ಸವೆಯೂದಿಲ್ಲ" ಎಂದರು. ಅವರು ಎಲ್ಲದಕ್ಕೂ ಬರಲಿ ಬಿಡು ಎನ್ನುವವರೇ. ಮನೆಯಲ್ಲಿ ಸಂಶಯದ ಕೆಲಸವೆಲ್ಲ ನನ್ನ ತಲೆಯ ಮೇಲೆ.

ಆದರೆ ಪೆದ್ರುವಿನ ಆಸೆ ನನ್ನ ಎಣ್ಣೆಯ ಮೇಲಿರಲಿಲ್ಲ. ಮಾಗ್ದಲೀನಾ ಮಳೆಗಾಲದ ಮುಂಚೆ ನೇರಳೆ ಹಣ್ಣು ಆಯ್ದು ತಂದು, ಭರಣಿಯಲ್ಲಿ ಸಕ್ಕರೆ ಹಾಕಿ, ಬಾಯಿಗೆ ಬಟ್ಟೆ ಬಿಗಿದು ಕ್ರಿಸ್ಮಸ್ಸಿಗೆ ವೈನ್ ಮಾಡುತ್ತಿದ್ದಳು. ಒಂದು ಕಾಲಕ್ಕೆ ಅವರ ಮಂದಿಯೆಲ್ಲ ಅದಕ್ಕಾಗಿ ಅವಳ ಅಂಗಳದಲ್ಲಿ ಸೇರುತ್ತಿದ್ದರು. ಅವಳ ಗಂಡ ಹೊಟ್ಟೆನೋವಿನಿಂದ ಸೊರಗಿ ಸೊರಗಿ ತೀರಿಕೊಂಡ ಮೇಲೆ ಮಂದಿ ಬರುವುದು ನಿಂತಿತು. ಅವಳೇ ಗಂಡನಿಗೆ ಮದ್ದು ಹಾಕಿದಳು ಎಂದು ಯಾರೋ ಅಂದರು. ಮದ್ದು ಅಂದರೆ ನಮ್ಮ ಕಡೆ ಗೊತ್ತಲ್ಲ, ಅನ್ನದಲ್ಲಿ, ನೀರಿನಲ್ಲಿ ಕಾಣದಂತೆ ಬೆರೆಸಿ ಕೊಡುವುದು. ಉಂಡವನು ದಿನದಿನಕ್ಕೆ ಕರಗುತ್ತಾನೆ. ಯಾರು ಅಂದರೋ ಗೊತ್ತಿಲ್ಲ, ಎಲ್ಲರೂ ಕೇಳಿಸಿಕೊಂಡರು. ಆಮೇಲೆ ಅವಳ ಮನೆಯಲ್ಲಿ ಯಾರೂ ಒಂದು ಲೋಟ ನೀರು ಕುಡಿಯಲಿಲ್ಲ.

ನಾನೂ ಕುಡಿಯಲಿಲ್ಲ. ನಾವು ಲಿಂಗ ಕಟ್ಟಿದವರು, ಮೊದಲಿಂದಲೂ ಅವಳ ಮನೆಯಲ್ಲಿ ಬಾಯಿಗೆ ಏನೂ ಹಾಕುವ ಪದ್ಧತಿ ಇರಲಿಲ್ಲ. ಹಾಗಾಗಿ ನಾನು ಆ ಮಾತನ್ನು ನಂಬಿದ್ದೇನೋ ಇಲ್ಲವೋ ಎಂದು ಯಾರೂ ಕೇಳಲಿಲ್ಲ. ನಾನೂ ನನ್ನನ್ನು ಕೇಳಿಕೊಳ್ಳಲಿಲ್ಲ.

ಅವಳ ಮಗಳು ಕತ್ರೀನಾಳಿಗೆ ಕಡೆಗೂ ಒಂದು ಸಂಬಂಧ ಬಂದಿತ್ತು. ಹುಡುಗನ ತಾಯಿ ಫಿಲೊಮೆನಾ ಆ ಮದ್ದಿನ ಮಾತು ಕೇಳಿದವಳು. ಜೀಪು ಬರುವ ದಿನವೇ ಅವಳೂ ಬರುವಂತೆ ಪೆದ್ರು ಹೊಂದಿಸಿದ. ಪರದೇಶದವರು ಅಕ್ಕನ ಕೈಯ ವೈನು ಕುಡಿದು ತಲೆ ಆಡಿಸುವುದನ್ನು ಆಕೆ ಕಣ್ಣಾರೆ ನೋಡಲಿ, ಊರಿನ ಬಾಯಿ ಮುಚ್ಚಲಿ, ಮದುವೆ ಆಗಲಿ ಎನ್ನುವುದು ಅವನ ಲೆಕ್ಕ. ಲೆಕ್ಕ ಚೆನ್ನಾಗಿತ್ತು. ಉಗುಳುವ ವಿಷಯ ಒಂದನ್ನು ಅವನು ಸರಿಯಾಗಿ ಯೋಚಿಸಲಿಲ್ಲ.

ಸಂಕ್ರಾಂತಿ ಮುಗಿದ ವಾರ. ಹಿಂದಿನ ದಿನವೆಲ್ಲ ಮುಂಡಗೋಡ ಕಡೆಯವರ ಔಡಲ, ಅಂದರೆ ಹರಳು ಬೀಜ, ಅರೆದಿದ್ದೆವು. ಇಳಿಹೊತ್ತಿಗೆ ನಮ್ಮವರು ಎತ್ತು ಹೂಡಿ ಗುರೆಳ್ಳು ಹಾಕಿದ್ದರಷ್ಟೆ, ಹೇಳಿದ್ದಕ್ಕಿಂತ ಮೊದಲೇ ಜೀಪು ಬಂದು ನಿಂತಿತು. ಕನ್ನಡಕದ ಒಬ್ಬ ಹೋಟೆಲ್ ಧಣಿ, ಜೊತೆಗೆ ಬಿಳಿ ಗಂಡ ಹೆಂಡತಿ. ಧಣಿ ಇಳಿದವನೇ ನನ್ನ ಗಾಣದ ಬುಡದಿಂದ ಒಂದು ಕರಿಕಲ್ಲು ಎತ್ತಿ ಬಿಳಿಯವನಿಗೆ ತೋರಿಸಿ ಏನೋ ಹೇಳಿದ.

"ಈ ಕಲ್ಲೂ ಒಂದು ಕಾಲಕ್ಕ ಬೆಂಕಿ ಗುಡ್ಡದಿಂದ ಬಂದಿದ್ದಂತ್ರಿ," ಎಂದ ಪೆದ್ರು.

"ಎಣ್ಣಿ ನೋಡಾಕ ಬಂದವರಿಗೆ ಕಲ್ಲಿನ ಚಿಂತಿ ಯಾಕ?" ಎಂದು ನಾನು ಮಾಗ್ದಲೀನಾಳ ಕಿವಿಯಲ್ಲಿ ಅಂದೆ. "ಇವರು ಡ್ಯಾಮಿನವರ ಇರಬೇಕು, ಇಲ್ಲಾಂದ್ರ ಗಣಿಯವರು."

ಅವಳ ಕಣ್ಣೆಲ್ಲ ಆಗಲೇ ಬಂದು ನಿಂತಿದ್ದ ಫಿಲೊಮೆನಾಳ ಮೇಲಿತ್ತು.

ಇಳಿದ ಎಣ್ಣೆಯನ್ನು ಬಿಸಿಬಿಸಿಯಾಗೇ ಕೊಡಬೇಕು ಎಂದು ಪೆದ್ರು ಅವಸರ ಮಾಡಿದ. ಸಣ್ಣ ಲೋಟಗಳಲ್ಲಿ ಹಾಕಿ ಕೊಟ್ಟೆ. ಬಿಳಿಯವನು ಮೂಸಿದ, ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿ ಕೆನ್ನೆ ಉಬ್ಬಿಸಿ ಹೊಳ್ಳಾಡಿಸಿದ. ಆಮೇಲೆ ಪೆದ್ರು ಓಣಿಯ ತುದಿಯ ಖಾಜಾಸಾಬರ ಮನೆಯಿಂದ ಬೇಡಿ ತಂದಿದ್ದ, ಎಲೆಯಡಿಕೆ ಉಗುಳುವ ಹಿತ್ತಾಳೆಯ ಪೀಕದಾನಿಗೆ ಪುಳಕ್ಕನೆ ಉಗುಳಿದ. ಹೆಂಡತಿಯೂ ಉಗುಳಿದಳು. ಧಣಿ, ಪೆದ್ರು, ಎಲ್ಲರೂ ಉಗುಳಿದರು. ಓಣಿಯ ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. "ಸಾಹೇಬರ ಗಂಟಲು ಭಾಳ ನಾಜೂಕು ಐತಿ, ಹಸಿ ಎಣ್ಣಿ ಇಳಿಯೂದಿಲ್ಲ," ಎಂದರು ಖಾಜಾಸಾಬರು.

ನನಗೆ ಸಿಟ್ಟು ನೆತ್ತಿಗೇರಿತು. ನಾನು ಅರೆದ ಎಣ್ಣೆಯನ್ನು ನನ್ನ ಅಂಗಳದಲ್ಲೇ ಉಗುಳುವುದೆಂದರೇನು? ಒಂದು ಲೋಟ ತುಂಬಿಸಿ ಎಲ್ಲರ ಎದುರಿಗೆ ಗಟಗಟ ಕುಡಿಯತೊಡಗಿದೆ. ಅರ್ಧವಾಗಿತ್ತು, ಮಾಗ್ದಲೀನಾ ಕೈ ಚಾಚಿದಳು.

"ಈ ಕಡೆ ಕೊಡ್ರಿ ಅಕ್ಕಾರ. ಹುಟ್ಟಿದಾಗಿಂದ ತಿಂದ ಎಣ್ಣಿ ಇದು."

ಉಳಿದ ಅರ್ಧವನ್ನು ಅವಳು ಕುಡಿದಳು.

ಅಲ್ಲಿಂದ ಮಂದಿಯೆಲ್ಲ ಅವಳ ಅಂಗಳಕ್ಕೆ ಹೋದೆವು. ಭರಣಿಯ ಬಟ್ಟೆ ಬಿಚ್ಚಿದಾಗ ನೇರಳೆಯ ಹುಳಿವಾಸನೆ ಓಣಿಗೆಲ್ಲ ಹರಡಿತು. ಮಾಗ್ದಲೀನಾ ಗಾಜಿನ ಲೋಟಗಳಲ್ಲಿ ಸುರುವಿದಳು, ಕತ್ರೀನಾ ಜೀಪಿನವರಿಗೂ, ಪೆದ್ರುವಿಗೂ, ಫಿಲೊಮೆನಾಳಿಗೂ ಕೊಟ್ಟಳು. ಬಿಳಿಯವನು ಮೂಸಿದ, ಬಾಯಿಗೆ ಹಾಕಿಕೊಂಡ, ಕಣ್ಣು ಮುಚ್ಚಿದ, ಉಗುಳಿದ. ಹೆಂಡತಿ ಉಗುಳಿದಳು. ಧಣಿ ಉಗುಳಿದ. ಅಭ್ಯಾಸಬಲದಿಂದ ಪೆದ್ರುವೂ ಉಗುಳಿದ.

ಈ ಸಲ ಯಾರೂ ನಗಲಿಲ್ಲ.

ಖಾಜಾಸಾಬರು ತಮ್ಮ ಪೀಕದಾನಿಯನ್ನೇ ನೋಡುತ್ತ ನಿಂತರು, ಇನ್ನು ಅದನ್ನು ಮನೆಗೆ ಒಯ್ಯುವುದೋ ಬೇಡವೋ ಎನ್ನುವ ಹಾಗೆ. ನನ್ನ ಹಿಂದೆ ನಿಂತಿದ್ದ ನೆರೆಮನೆಯ ಕಾಶೆವ್ವ ಗುಸುಗುಸು ಶುರು ಮಾಡಿದಳು. "ಪರದೇಶದವರ ನಾಲಿಗಿಗೂ ತಿಳೀತು ನೋಡ್ರಿ. ಸ್ವಂತ ತಮ್ಮನೂ ನುಂಗಲಿಲ್ಲ. ಉಗುಳ್ತಾರ ಅಂತ ಇಂವಾ ಮದಲ ಯಾಕ ಹೇಳಿ ಇಟ್ಟಿದ್ದ? ಒಳಗ ಏನೋ ಇರೂದಕ್ಕ."

ಧಣಿಯ ಮುಖದಲ್ಲಿ ಸಂತೋಷವಿತ್ತು. ಭರಣಿಯನ್ನೇ ಕೊಡಿ, ಒಯ್ಯುತ್ತೇನೆ ಎಂದ. ಅದೂ ಮಂದಿಗೆ ಬೇರೆಯಾಗಿಯೇ ಕಂಡಿತು. ಉಗುಳಿದ್ದನ್ನು ಯಾರಾದರೂ ಕೊಳ್ಳುತ್ತಾರೆಯೇ? ಪಣಜಿಗೆ ಒಯ್ದು ತಪಾಸಣೆ ಮಾಡಿಸಲಿಕ್ಕೇ ಇರಬೇಕು ಎಂದರು. ಫಿಲೊಮೆನಾ ತನ್ನ ತುಂಬಿದ ಲೋಟವನ್ನು ಕಟ್ಟೆಯ ಮೇಲೆ ಇಟ್ಟಳು. ಎದ್ದು ಸೆರಗು ಸರಿಮಾಡಿಕೊಂಡಳು. ಕತ್ರೀನಾ ಒಳಗೆ ಹೋಗಿ ಬಾಗಿಲ ಸಂದಿಯಲ್ಲಿ ನಿಂತಳು. ಮಾಗ್ದಲೀನಾ ಮಾತ್ರ ಭರಣಿಯ ಬಾಯಿಗೆ ಮತ್ತೆ ಬಟ್ಟೆ ಕಟ್ಟುತ್ತಿದ್ದಳು. ಗಂಟು ಬೀಳುತ್ತಿರಲಿಲ್ಲ.

ಸುಳ್ಳು ಯಾಕೆ ಹೇಳಲಿ, ಆ ಗಳಿಗೆಯಲ್ಲಿ ನಾನೂ ಕಾಶೆವ್ವನ ಮಾತಿಗೆ ಕಿವಿಗೊಟ್ಟಿದ್ದೆ. ಆದರೆ ನನಗೆ ನನ್ನ ಎಣ್ಣೆಯ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನನ್ನ ಎಣ್ಣಿನೂ ಉಗುಳ್ಯಾರ," ಎಂದೆ, ಎಲ್ಲರಿಗೂ ಕೇಳುವಂತೆ. "ಈಗಷ್ಟ ಉಗುಳ್ಯಾರ. ಅವಾಗ ಎಲ್ಲಾರೂ ನಕ್ಕ್ರಿ."

"ನಿಮ್ಮದು ಬ್ಯಾರೆ ಬಿಡ್ರಿ ಅಕ್ಕಾರ," ಎಂದಳು ಕಾಶೆವ್ವ.

"ಹೆಂಗ ಬ್ಯಾರೆ? ಹೇಳು."

ಅವಳು ಪಕ್ಕದವಳ ಹಿಂದೆ ಸರಿದಳು. ಮೈಯೆಲ್ಲ ಉರಿಯಿತು ನನಗೆ. ಕಟ್ಟೆಯ ಮೇಲಿದ್ದ ಫಿಲೊಮೆನಾಳ ಲೋಟಕ್ಕೆ ಕೈ ಹಾಕಿದೆ. ಮಾಗ್ದಲೀನಾ ಓಡಿ ಬಂದು ನನ್ನ ಮಣಿಕಟ್ಟು ಹಿಡಿದಳು.

"ಬ್ಯಾಡ್ರಿ ಅಕ್ಕಾರ," ಎಂದಳು, ನನಗೊಬ್ಬಳಿಗೇ ಕೇಳುವಂತೆ. "ನಾಳೆ ನಿಮಗ ಒಂದು ಶೀತ ಬಂದ್ರೂ ನನ್ನ ತಲಿ ಮ್ಯಾಲ ಬರ್ತೈತಿ. ನನ್ನ ಮಗಳು ಮನ್ಯಾಗ ಉಳೀತಾಳ."

ಕೈ ಕೊಸರಿಕೊಂಡು ಕುಡಿದುಬಿಟ್ಟೆ. ಹುಳಿ, ಸಿಹಿ, ಆಮೇಲೆ ಗಂಟಲಲ್ಲಿ ಬಿಸಿ. ಜನ್ಮದಲ್ಲಿ ಅದೇ ಮೊದಲು. ನಮ್ಮ ಮನೆಯವರು ನಾನು ಅವರ ಹೆಂಡತಿಯೇ ಅಲ್ಲ ಎನ್ನುವಂತೆ ಮಾಡಿನ ಹಂಚು ನೋಡುತ್ತ ನಿಂತಿದ್ದರು.

ಫಿಲೊಮೆನಾ ನನ್ನನ್ನು ಮೇಲಿಂದ ಕೆಳಗಿನವರೆಗೆ ನೋಡಿದಳು. "ಇವತ್ತು ಇಲ್ಲೇ ನಮ್ಮ ಅಕ್ಕನ ಮನ್ಯಾಗ ಇರ್ತೇನಿ," ಎಂದಳು. "ನಾಳೆ ಬಸ್ ಹತ್ತೂ ಮುಂದ ನಿಮ್ಮ ಮಾರಿ ನೋಡಿ ಹೋಗ್ತೇನ್ರಿ. ಹೌದೋ ಅಲ್ಲೋ ಅವಾಗ ಹೇಳ್ತೇನಿ."

ಬೆಳಿಗ್ಗೆ ಎಚ್ಚರವಾದದ್ದೇ ಹೊಟ್ಟೆ ಗುಡುಗುಡು ಎಂದದ್ದಕ್ಕೆ. ಚರಿಗೆ ಹಿಡಿದು ಹಿತ್ತಿಲ ಕಡೆ ಓಡಿದೆ, ಬಂದೆ, ಮತ್ತೆ ಓಡಿದೆ. ನಮ್ಮವರು ಹಳಿಯಾಳಕ್ಕೆ ಹಿಂಡಿ ಹೇರಿಕೊಂಡು ಹೋಗಿದ್ದರು. ಬಾಗಿಲು ಹಾಕಿ ಮಲಗೋಣವೆಂದರೆ, ಬಾಗಿಲು ಹಾಕಿದ್ದೇ ಊರಿಗೆ ಸಾಕ್ಷಿಯಾಗುತ್ತಿತ್ತು. ಮುಖ ತೊಳೆದು, ವಿಭೂತಿ ಹಚ್ಚಿಕೊಂಡು, ಗಾಣದ ಮುಂದಿನ ಕಟ್ಟೆಯ ಮೇಲೆ ಗುರೆಳ್ಳಿನ ಮೊರ ಹಿಡಿದು ಕುಳಿತೆ.

ಫಿಲೊಮೆನಾ ಗಂಟು ತೆಗೆದುಕೊಂಡು ಬಂದು ನನ್ನ ಎದುರೇ ಕುಳಿತಳು. ಬಸ್ಸಿನ ಸುಳಿವೇ ಇರಲಿಲ್ಲ.

"ಆರಾಮ ಅದೀರೇನ್ರಿ?"

"ನನಗೇನಾಗೇತಿ."

"ಮಾರಿ ಬೆವತೈತಿ."

"ಗಾಣದ ಮಂದಿ ಬೆವರದ ಏನ ಮಾಡ್ತಾರವಾ," ಎಂದೆ. ಆ ಚಳಿಯಲ್ಲಿ ಅವಳು ಸೆರಗನ್ನು ಕಿವಿಗೆ ಸುತ್ತಿಕೊಂಡಿದ್ದಳು.

ಹೊಟ್ಟೆಯೊಳಗೆ ಯಾರೋ ಬಟ್ಟೆ ಹಿಂಡಿದ ಹಾಗಾಗುತ್ತಿತ್ತು. ಗುರೆಳ್ಳು ಕೇರಿದ್ದನ್ನೇ ಕೇರುತ್ತಿದ್ದೆ. ಆಗ ಆ ಸಂಶಯ ಬಂತು. ಬರಬಾರದಿತ್ತು, ಬಂತು. ಅವಳ ಗಂಡನಿಗೂ ಹೊಟ್ಟೆಯೇ ಅಲ್ಲವೇ ನೋಯುತ್ತಿದ್ದದ್ದು? ಕುಡಿಯಬೇಡ ಎಂದು ನನ್ನ ಕೈ ಹಿಡಿದಳಲ್ಲ, ಯಾಕೆ ಹಿಡಿದಳು? ಒಳಗೆ ಏನೂ ಇಲ್ಲದಿದ್ದರೆ ಕುಡಿಯಲಿ ಎಂದು ಬಿಡುತ್ತಿದ್ದಳಲ್ಲವೇ? ಕಾಶೆವ್ವನ ಮಾತು ಈಗ ನನ್ನ ತಲೆಯೊಳಗಿಂದಲೇ ಬರುತ್ತಿತ್ತು. ಎದುರಿಗೆ ಅವಳ ಮನೆಯ ಬಾಗಿಲು ಅರ್ಧ ತೆರೆದಿತ್ತು, ಒಳಗೆ ಯಾರೂ ಕಾಣುತ್ತಿರಲಿಲ್ಲ. ಹೆದರಿಕೆಯಾಯಿತು ನನಗೆ, ನಿಜವಾದ ಹೆದರಿಕೆ. ಫಿಲೊಮೆನಾಳಿಗೆ ಒಂದು ಮಾತು ಹೇಳಿದರೆ ಮುಗಿಯಿತು. ಬಾಯಿ ತೆರೆದೆ ಕೂಡ. ಬಾಗಿಲ ಸಂದಿಯಲ್ಲಿ ನಿಂತಿದ್ದ ಆ ಹುಡುಗಿಯ ಮುಖ ನೆನಪಾಯಿತು.

"ಬಸ್ ಬಂತು ನೋಡವಾ," ಎಂದೆ. ಪುಣ್ಯಕ್ಕೆ ಬಂದೇಬಿಟ್ಟಿತ್ತು, ತಿರುವಿನಲ್ಲಿ ಧೂಳು ಕಾಣುತ್ತಿತ್ತು.

ಫಿಲೊಮೆನಾ ಎದ್ದಳು. ಇನ್ನೊಮ್ಮೆ ನನ್ನ ಮುಖ ನೋಡಿದಳು. ಹಲ್ಲು ಕಚ್ಚಿಕೊಂಡು ನಕ್ಕೆ. "ಈಸ್ಟರ್ ಆದ ಮ್ಯಾಲ ಮದವಿ ಇಟ್ಟಕೊಳ್ಳೂಣು ಅಂತ ಆಕಿಗೆ ಹೇಳ್ರಿ," ಎಂದು ಬಸ್ಸು ಹತ್ತಿದಳು.

ಬಸ್ಸು ಮರೆಯಾಗುವುದನ್ನೂ ಕಾಯಲಿಲ್ಲ. ಚರಿಗೆ ಹಿಡಿದು, ಸೀರೆ ಎತ್ತಿ ಕಟ್ಟಿ, ಕೆರೆಯ ಹಿಂದಿನ ಪೊದೆಗಳ ಕಡೆ ಓಡಿದೆ. ಕಾಲುದಾರಿಯ ತಿರುವಿನಲ್ಲಿ ಎದುರಿಗೆ ಒಬ್ಬಳು ಬರುತ್ತಿದ್ದಳು. ಕೈಯಲ್ಲಿ ಖಾಲಿ ಚರಿಗೆ, ಮುಖ ಬಾಡಿತ್ತು, ಒಂದು ಕೈ ಹೊಟ್ಟೆಯ ಮೇಲೆ. ಮಾಗ್ದಲೀನಾ.

ಇಬ್ಬರೂ ನಿಂತೆವು. ಅವಳ ಕಣ್ಣು ನನ್ನ ಚರಿಗೆಯ ಮೇಲೆ ಬಿತ್ತು.

"ನಿಮಗೂ?" ಎಂದಳು.

"ನಿನಗ ಯಾಕ? ನಿನ್ನ ವೈನ್ ನಿನಗೇನ ಹೊಸದಲ್ಲಲ್ಲ."

"ನಾ ನಿನ್ನೆ ವೈನ್ ಕುಡೀಲಿಲ್ರಿ. ಸುರುವಿ ಕೊಡೂದ್ರಾಗ ಹೊತ್ತು ಹೋತು." ಮೆಲ್ಲಗೆ ಅಂದಳು, "ನಿಮ್ಮ ಎಣ್ಣಿ ಕುಡದೆ ಅಷ್ಟ."

ಔಡಲ. ಆಗ ಹೊಳೆಯಿತು. ಔಡಲ ಅರೆದ ಗಾಣದಲ್ಲಿ ಮರುದಿನ ಮೊದಲು ಇಳಿಯುವ ಎಣ್ಣೆಯಲ್ಲಿ ಹರಳೆಣ್ಣೆ ಬೆರೆತಿರುತ್ತದೆ, ಕುಡಿದರೆ ಹೊಟ್ಟೆ ಕೀಳುತ್ತದೆ ಎಂದು ಅದನ್ನು ನಾವು ಯಾವತ್ತೂ ದೀಪಕ್ಕೆ ಎತ್ತಿಡುತ್ತೇವೆ. ಜೀಪಿನ ಗಡಿಬಿಡಿಯಲ್ಲಿ ಅದನ್ನೇ ಲೋಟಕ್ಕೆ ಹಾಕಿದ್ದೆ. ಉಗುಳಿದವರೆಲ್ಲ ಆರಾಮಾಗಿ ಗೋವಾ ಸೇರಿದ್ದರು. ನುಂಗಿದವರು ನಾವಿಬ್ಬರೇ.

"ಬೆಳಗಿನಿಂದ ಹಿಂಗ ಓಡ್ಯಾಡಾಕತ್ತೀಯೇನು? ಯಾರಿಗೆ ಹೇಳಿದಿ?"

"ಯಾರಿಗೂ ಹೇಳಿಲ್ರಿ. ಪೆದ್ರೂಗೂ ಹೇಳಿಲ್ಲ. ನಿಮ್ಮ ಗಾಣದ ಹೆಸರು ಕೆಡಬಾರದಲ್ಲ."

ಅವಳು ಹೇಳಿದ್ದರೂ ನನ್ನ ಗಾಣದ ಹೆಸರು ಕೆಡುತ್ತಿರಲಿಲ್ಲ. ನಿಮ್ಮದು ಬ್ಯಾರೆ ಬಿಡ್ರಿ ಅನ್ನುತ್ತಿದ್ದರು. ಮಾಗ್ದಲೀನಾ ಹಾಕಿದ ಮದ್ದು ಅವಳಿಗೇ ತಿರುಗಿತು ಎಂದು ಊರೆಲ್ಲ ಮಾತಾಡುತ್ತಿತ್ತು. ಅದು ಅವಳಿಗೂ ಗೊತ್ತಿತ್ತೋ ಏನೋ. ಬೆಳಗಿನಿಂದ ಕಟ್ಟೆಯ ಮೇಲೆ ಕುಳಿತು ಅವಳ ಬಾಗಿಲು ನೋಡಿದ್ದು ನೆನಪಾಗಿ ನನಗೆ ಅಳುವೇ ಬಂತು. ಆದರೆ ಅಳುವುದಕ್ಕೂ ಪುರುಸೊತ್ತಿರಲಿಲ್ಲ.

"ಮದಲ ದಾರಿ ಬಿಡವಾ," ಎಂದೆ. "ಫಿಲೊಮೆನಾ ಹೂಂ ಅಂದು ಹೋದಳು. ಈಸ್ಟರ್ ಆದ ಮ್ಯಾಲ ಮದವಿ."

ನಾನು ತಿರುಗಿ ಬರುವಷ್ಟರಲ್ಲಿ ಅವಳು ಕೆರೆಯ ದಂಡೆಯ ಮೇಲೆ ಕಾಯುತ್ತ ಕುಳಿತಿದ್ದಳು. ಕೈಕಾಲು ತೊಳೆದುಕೊಂಡು ಇಬ್ಬರೂ ಒಬ್ಬರನ್ನೊಬ್ಬರು ಹಿಡಿದು ನಡೆದೆವು. ಅವಳ ಅಂಗಳದಲ್ಲಿ ಯಾರೂ ಇರಲಿಲ್ಲ. ಓಣಿಯ ಮಂದಿಯೆಲ್ಲ ಹೊಲಕ್ಕೆ ಹೋಗಿದ್ದರು. ಪೀಕದಾನಿ ಮಾತ್ರ ಕಟ್ಟೆಯ ಕೆಳಗೆ ಹಾಗೇ ಬಿದ್ದಿತ್ತು, ಖಾಜಾಸಾಬರು ಒಯ್ದಿರಲಿಲ್ಲ.

"ಮಜ್ಜಿಗಿ ಕುಡದ್ರ ಹೊಟ್ಟಿ ನಿಂದರತೈತಿ," ಎಂದು ಅವಳು ಬಾಗಿಲಲ್ಲಿ ನಿಂತು ಹೇಳಿದಳು. "ನಿಮ್ಮ ಮನ್ಯಾಗ ಐತೇನ್ರಿ? ಕತ್ರೀನಾನ್ನ ಕಳಸ್ಲ್ಯಾ, ತರ್ತಾಳ."

"ನಿಮ್ಮ ಮನ್ಯಾಗ ಇಲ್ಲೇನು?" ಎಂದು ನಾನು ಒಳಗೆ ಹೋಗಿ ಕುಳಿತೆ.