ಬೀರುವಿನಲ್ಲಿದ್ದ ಸಲಹೆ

ಸೂಜಿಯಕ್ಕ ಬಂದಳೆಂದರೆ ಬೀದಿಯ ಮಕ್ಕಳೆಲ್ಲ ಮಂಚದ ಕೆಳಗೆ. ಆರೋಗ್ಯ ಕಾರ್ಯಕರ್ತೆಗೆ ಅವರಿಟ್ಟ ಹೆಸರು ಅದು. ಸೂಜಿ ಇರುವುದು ಆರೋಗ್ಯ ಕೇಂದ್ರದಲ್ಲಿ, ಅವಳ ಚೀಲದಲ್ಲಿ ಇರುವುದು ಬರೀ ಪುಸ್ತಕ, ಪೆನ್ನು, ನೀರಿನ ಬಾಟಲಿ. ಆದರೂ ಹೆಸರು ಹೆಸರೇ.

ಎರಡು ವರ್ಷದ ಹಿಂದಿನ ಮಾತು. ದಡಾರದ ಚುಚ್ಚುಮದ್ದು ಹಾಕಿಸಿದರೆ ಮಕ್ಕಳಿಗೆ ಮಾತು ಬರುವುದಿಲ್ಲ ಎಂಬ ಹಸಿ ಸುಳ್ಳೊಂದು ಫೋನಿನಿಂದ ಫೋನಿಗೆ ಓಡಾಡುತ್ತಿತ್ತು. ಕೇಂದ್ರದ ಸಾಹೇಬರು ಸೂಜಿಯಕ್ಕನನ್ನು ಕರೆದರು.

"ಮನೆ ಮನೆಗೆ ಹೋಗಿ ಅದು ಸುಳ್ಳು ಅಂತ ಹೇಳಿ."

"ಹೇಗೆ ಹೇಳ್ಲಿ ಸಾರ್? ಜನ ಎದುರು ಮಾತಾಡ್ತಾರೆ."

"ಅದಕ್ಕೆ ತಜ್ಞರು ಬರೆದ ಸಲಹೆ ಬಂದಿದೆ. ಬೀರುವಿನಲ್ಲಿದೆ. ಆದ್ರೆ ಆಂತರಿಕ, ತೋರಿಸೋ ಹಾಗಿಲ್ಲ."

"ನಾನೇನು ಹೊರಗಿನವಳಾ ಸಾರ್?"

"ನೀವು ಮನೆ ಮನೆಗೆ ಹೋಗೋರು" ಎಂದರು ಸಾಹೇಬರು. ಅಲ್ಲಿಗೆ ಮಾತು ಮುಗಿಯಿತು.

ಸೂಜಿಯಕ್ಕ ತನಗೆ ತೋಚಿದಂತೆ ಹೊರಟಳು. ಇಸ್ತ್ರಿ ಅಂಗಡಿಯ ಸೊಸೆಗೆ ಹತ್ತು ತಿಂಗಳ ಹೆಣ್ಣುಮಗು, ಪುಟ್ಟಿ. ಸೊಸೆ ಇಸ್ತ್ರಿ ಒತ್ತುತ್ತಿದ್ದಳು, ಅತ್ತೆ ಅಂಗಿಗಳ ಗುಂಡಿ ಹಾಕಿ ಮಡಚುತ್ತಿದ್ದಳು.

"ಅಮ್ಮಾ, ಚುಚ್ಚುಮದ್ದು ಹಾಕಿಸಿದ್ರೆ ಮಾತು ಬರಲ್ಲ ಅಂತಾರಲ್ಲ, ಅದು ಸುಳ್ಳು. ನಂಬಬೇಡಿ."

ಅತ್ತೆಯ ಕೈ ನಿಂತಿತು. "ಏನು? ಮಾತು ಬರಲ್ವಾ?"

"ಬರುತ್ತಮ್ಮ. ಬರಲ್ಲ ಅನ್ನೋದು ಸುಳ್ಳು."

"ಹಾಗಂತ ಯಾರಂದ್ರು?"

"ಎಲ್ಲಾ ಕಡೆ ಹೇಳ್ತಿದ್ದಾರೆ."

"ಎಲ್ಲಾ ಕಡೆ!" ಅತ್ತೆ ಸೊಸೆಯ ಮುಖ ನೋಡಿದಳು. ಆ ಮನೆಯಲ್ಲಿ ವಿಡಿಯೊ ಬರುವ ಫೋನೇ ಇರಲಿಲ್ಲ. ಅವರು ಆ ಮಾತು ಕೇಳಿದ್ದು ಅದೇ ಮೊದಲು. "ಇರ್ಲಿ ತಾಯಿ, ಮುಂದಿನ ವಾರ ನೋಡೋಣ."

ಮುಂದಿನ ವಾರ ಮುಂದಿನ ತಿಂಗಳಾಯಿತು. ಮಳೆ ಹೋಗಿ ಚಳಿ ಬಂದಾಗ ಪುಟ್ಟಿಗೆ ದಡಾರ ಬಂತು. ಜ್ವರ ಮಿದುಳಿಗೆ ಏರಿತು. ಜೀವ ಉಳಿಯಿತು, ಕಿವಿ ಎರಡೂ ಹೋದವು. ಕಿವಿ ಕೇಳದ ಕೂಸಿಗೆ ಮಾತು ಎಲ್ಲಿಂದ ಬರಬೇಕು?

ಸೂಜಿಯಕ್ಕ ಪುಟ್ಟಿಯ ತಾಯಿ ಇಸ್ತ್ರಿಯವಳ ಕೈ ಹಿಡಿದುಕೊಂಡು ಅರ್ಜಿಮಾವನ ಹತ್ತಿರ ಹೋದಳು. ದೊಡ್ಡ ಕಚೇರಿಯ ಮೆಟ್ಟಿಲ ಕೆಳಗೆ ಮಡಚುವ ಮೇಜು ಹಾಕಿಕೊಂಡು ಊರವರ ಅರ್ಜಿ ಬರೆದುಕೊಡುವ ಮುದುಕ ಅವನು.

"ಆ ಸಲಹೇಲಿ ಏನಿತ್ತು ಅಂತ ನಂಗೆ ಗೊತ್ತಾಗ್ಬೇಕು ಮಾವ. ನಾನೆಲ್ಲಿ ತಪ್ಪಿದೆ?"

"ನೀನು ಕೇಳಿದ್ರೆ ನಿನ್ನ ಕೆಲಸಕ್ಕೇ ಸಂಚಕಾರ. ಈ ತಾಯಿ ಕೇಳಲಿ. ಕೇಳೋ ಹಕ್ಕು ಇವಳಿಗಿದೆ."

ಅರ್ಜಿ ಹೋದ ಸುದ್ದಿ ಕೇಳಿ ಮನೆಯಲ್ಲಿ ಅತ್ತೆ ನಕ್ಕಳು. "ಕೇಳು ಕೇಳು. ಕಿವಿ ವಾಪಸ್ ಕಳಿಸ್ತಾರೆ, ಅಂಚೆಯಲ್ಲಿ."

ಅಂಚೆಯಲ್ಲಿ ಬಂದದ್ದು ಒಂದು ಹಾಳೆ. ಅರ್ಜಿಮಾವ ಅಂಗಡಿಗೇ ಬಂದು ಓದಿ ಹೇಳಿದ. ಸುಳ್ಳು ಸುದ್ದಿಯನ್ನು ಎದುರಿಸುವ ಸಲಹೆ ಆಂತರಿಕವಾದದ್ದು. ಬಹಿರಂಗಪಡಿಸಿದರೆ ಸಲಹೆಗಾರರು ಮುಂದೆ ಮನಬಿಚ್ಚಿ ಸಲಹೆ ನೀಡಲು ಹಿಂಜರಿಯುವರು. ಸಾರ್ವಜನಿಕರಲ್ಲಿ ಗೊಂದಲವೂ ಉಂಟಾಗುವುದು. ಆದ್ದರಿಂದ ಕೊಡಲಾಗದು.

"ಗೊಂದಲ ಆಗುತ್ತಂತೆ!" ಅತ್ತೆ ಅಂಗಿಯನ್ನು ಮೇಜಿಗೆ ಬಡಿದಳು. "ಏನೂ ಇಲ್ದಿದ್ರೆ ಯಾಕೆ ಮುಚ್ಚಿಡ್ತಾರೆ? ಆ ಮದ್ದಲ್ಲೇ ಏನೋ ಇದೆ ಕಣೇ."

ಬಟ್ಟೆ ಕೊಡಲು ಬಂದವರೆಲ್ಲ ಅದನ್ನು ಕೇಳಿಸಿಕೊಂಡರು, ಬಟ್ಟೆಯ ಜೊತೆ ಮನೆಗೂ ಒಯ್ದರು. ಆ ವಾರ ಮೂರು ಮನೆಯವರು ಸೂಜಿಯಕ್ಕನನ್ನು ಬಾಗಿಲಿಂದಲೇ ಕಳಿಸಿದರು. ಸುಳ್ಳು ಸುದ್ದಿಯಿಂದ ಆಗದ ಕೆಲಸ ಸರ್ಕಾರದ ಒಂದು ಹಾಳೆಯಿಂದ ಆಯಿತು.

ಅಷ್ಟರಲ್ಲಿ ಇಸ್ತ್ರಿಯವಳಿಗೆ ಗಂಡುಮಗು ಹುಟ್ಟಿತು. ಅತ್ತೆ ಮೊದಲ ದಿನವೇ ಹೇಳಿಬಿಟ್ಟಳು, "ಇವನಿಗೆ ಆ ಮದ್ದು ಚುಚ್ಚಿದ್ರೆ ನಾನು ಈ ಮನೇಲಿರಲ್ಲ."

"ಕಚೇರೀಲಿ ಒಬ್ಬರು ಇಲ್ಲ ಅಂದ್ರೆ ಮುಗೀಲಿಲ್ಲ ತಾಯಿ" ಎಂದ ಅರ್ಜಿಮಾವ. "ಅವರ ಮೇಲಿನವರನ್ನ ಕೇಳೋಣ." ಮೇಲಿನವರೂ ಇಲ್ಲವೆಂದರು. ಅವರ ಮೇಲಿನವರು ವಿಚಾರಣೆ ಅಂದರು, ಮುಂದೂಡಿದರು, ಮತ್ತೆ ಮುಂದೂಡಿದರು. ಪ್ರತಿ ಸಲವೂ ಇಸ್ತ್ರಿಯವಳು ಅರ್ಧ ದಿನ ಅಂಗಡಿ ಮುಚ್ಚಿ ಹೋಗಿ ಬೆಂಚಿನ ಮೇಲೆ ಕೂತು ಬಂದಳು. ಗಂಡುಮಗುವಿಗೆ ಒಂಬತ್ತು ತಿಂಗಳು ತುಂಬುವಾಗ ದಪ್ಪ ಲಕೋಟೆ ಬಂತು.

ನಾಲ್ಕು ಹಾಳೆ. ಮೂರಕ್ಕೆ ಮೇಲಿಂದ ಕೆಳಗೆ ಕಪ್ಪು ಮಸಿ. ಉಳಿದೊಂದನ್ನು ಸೂಜಿಯಕ್ಕನೇ ಓದಿದಳು.

"ಗಾಳಿಮಾತನ್ನು ಕೇಳದ ಮನೆಯಲ್ಲಿ ಅದರ ಪ್ರಸ್ತಾಪವನ್ನೇ ಎತ್ತಬಾರದು. ಸುಳ್ಳೆಂದು ಹೇಳುವ ಭರದಲ್ಲಿ ನಾವೇ ಅದನ್ನು ತಲುಪಿಸಿದಂತಾಗುತ್ತದೆ. ರೋಗ ಬಂದರೆ ಏನಾಗುತ್ತದೆ ಎಂಬುದನ್ನು ಮೊದಲು ತಿಳಿಸಿ. ಮದ್ದು ಹಾಕಿದ ಮೇಲೆ ಕೆಲವು ಮಕ್ಕಳಿಗೆ ಒಂದೆರಡು ದಿನ ಜ್ವರ ಬರಬಹುದು ಎಂಬುದನ್ನೂ ಮುಚ್ಚಿಡದೆ ಹೇಳಿ."

ಕೆಳಗೆ ತಾರೀಖು ಇತ್ತು. ಅವಳು ಆ ಮನೆಯ ಬಾಗಿಲು ತಟ್ಟುವುದಕ್ಕೂ ಎರಡು ತಿಂಗಳು ಹಿಂದಿನದು.

ಸೂಜಿಯಕ್ಕ ಹಾಳೆಯನ್ನು ಮಡಿಲಲ್ಲಿ ಇಟ್ಟುಕೊಂಡು ಕೂತಳು. ಆಮೇಲೆ ಅತ್ತೆಯ ಕಡೆ ತಿರುಗಿದಳು. "ಅಮ್ಮಾ, ನಾನು ಹೇಳೋಕೆ ಮುಂಚೆ ನಿಮಗೆ ಆ ಮಾತು ಗೊತ್ತಿತ್ತಾ?"

"ಇರ್ಲಿಲ್ಲ."

"ಹಾಗಾದ್ರೆ ತಂದವಳು ನಾನೇ. ಇದೇ ಥರ ನಲವತ್ತು ಮನೆಗೆ ಹೊತ್ತುಕೊಂಡು ಹೋದೆ."

ಇಸ್ತ್ರಿಪೆಟ್ಟಿಗೆಯ ಕೆಳಗೆ ಯಾರದೋ ಅಂಗಿ ಸೀದ ವಾಸನೆ ಬಂದಾಗ ಸೊಸೆ ಬೆಚ್ಚಿ ಅದನ್ನು ಎತ್ತಿದಳು.

"ಇಷ್ಟೇನಾ?" ಎಂದಳು ಅತ್ತೆ. "ಇಷ್ಟು ಮಾತನ್ನ ಬೀರುವಿನಲ್ಲಿ ಇಟ್ಕೊಂಡು ಕೂತಿದ್ರಾ? ಇದರಲ್ಲಿ ವಿಷ ಎಲ್ಲಿದೆ? ಗುಟ್ಟು ಎಲ್ಲಿದೆ?" ಸೂಜಿಯಕ್ಕನ ಮುಖವನ್ನೇ ನೋಡಿದಳು. "ನೀನು ತಪ್ಪು ಮಾಡ್ದೆ ಅಂತ ಬಾಯಿಬಿಟ್ಟು ಹೇಳ್ದೆ. ಅವರು ಹೇಳ್ತಾರಾ? ಏಳು, ಮಗೂನ ಎತ್ಕೋ. ಜ್ವರ ಬಂದ್ರೆ ಒದ್ದೆಬಟ್ಟೆ ಇಡೋದು ನಂಗೆ ಗೊತ್ತು."

ಕೇಂದ್ರದಲ್ಲಿ ಮಗು ಚುಚ್ಚಿಸಿಕೊಂಡು ಕಿರುಚಿ ಸುಮ್ಮನಾಯಿತು. ಗೋಡೆಯ ಮೇಲೆ 'ಸುಳ್ಳು ಸುದ್ದಿ ನಂಬಬೇಡಿ' ಎಂಬ ದೊಡ್ಡ ಅಕ್ಷರದ ಹಾಳೆ ಇತ್ತು. ಸೂಜಿಯಕ್ಕ ಓದಿ ಹೇಳಿದಾಗ ಅತ್ತೆ ಸಾಹೇಬರನ್ನೇ ಕೇಳಿದಳು, "ಇದರ ಕೆಳಗೆ ನಿಜ ಯಾವುದು ಅಂತ ಬರೆಯೋಕೆ ಜಾಗ ಸಾಲಲಿಲ್ವಾ ಸ್ವಾಮಿ?"

ಸಾಹೇಬರು ಪುಸ್ತಕದಲ್ಲಿ ಏನೋ ಬರೆಯುತ್ತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಮಕ್ಕಳ ಚುಚ್ಚುಮದ್ದನ್ನು ಮುಂದಿನ ವಾರಕ್ಕೆ ತಳ್ಳಬೇಡಿ. ಗಾಳಿಮಾತು ಕಿವಿಗೆ ಬಿದ್ದರೆ, ಬೈಯುವುದಕ್ಕೆಂದಾದರೂ ಅದನ್ನು ಪಕ್ಕದ ಮನೆಗೆ ದಾಟಿಸಬೇಡಿ. ಕಚೇರಿಯವರು ಆಂತರಿಕ ಎಂದರೆ ತಲೆ ತಗ್ಗಿಸಿ ಬರಬೇಡಿ. ಏಕೆ ಕೊಡುವುದಿಲ್ಲ, ಬರೆದುಕೊಡಿ ಎನ್ನಿ. ಆ ಬರಹ ಹಿಡಿದು ಮೇಲಿನವರನ್ನು ಕೇಳಿ. ನಮ್ಮ ಮಕ್ಕಳಿಗಾಗಿ ಬರೆಸಿದ ಸಲಹೆ ನಮಗೇ ಗುಟ್ಟಾಗುವುದು ಹೇಗೆ? ಇಸ್ತ್ರಿಯವಳು ಕೇಳಿದ್ದರಿಂದ ಒಂದು ಹಾಳೆ ಹೊರಬಂತು. ಇನ್ನೂ ಮೂರು ಕಪ್ಪಾಗಿಯೇ ಇವೆ. ಅವುಗಳಲ್ಲಿ ಯಾವ ಮನೆಯ ಮಗುವಿಗೆ ಬೇಕಾದ ಮಾತಿದೆಯೋ ನಮಗೆ ತಿಳಿಯದು. ನಿಮ್ಮ ಮನೆಯದೇ ಇರಬಹುದು. ಕೇಳಿ.