ಬಣ್ಣ ಬಳಿದ ಪೈಪು

ಭಾವ ಫೋನಿನಲ್ಲಿ ಹೇಳಿದ್ದು ಇಷ್ಟೇ: "ಕೆಳಗಿನ ಮನೇಲಿ ಪೈಪು ಒಂಚೂರು ಬಿರುಕು ಬಿಟ್ಟಿದೆಯಂತೆ. ಬಂದು ನೋಡಿ, ಏನೂ ಆಗಿಲ್ಲ ಅಂತ ಒಂದು ಮಾತು ಹೇಳಿ ಹೋಗಮ್ಮ."

ಬಿರುಕುಬಿಟ್ಟ ಪೈಪು ಇನ್ನೂ ತಾಳುತ್ತದೆಯೋ ಇಲ್ಲವೋ ಎಂದು ಪರೀಕ್ಷಿಸಿ ಹೇಳುವುದೇ ನನ್ನ ಕೆಲಸ. ಅಕ್ಕ, ಭಾವ ಇರುವ ಕಟ್ಟಡಕ್ಕೆ ಭಾವನೇ ಕಾರ್ಯದರ್ಶಿ. ನೋಡುವ ಮೊದಲೇ "ಏನೂ ಆಗಿಲ್ಲ" ಅನ್ನಿಸಿಕೊಂಡ ಪೈಪೆಂದರೆ ನನಗೆ ಅನುಮಾನ.

ನೆಲಮಹಡಿಯ ಆ ಮನೆಯಲ್ಲಿ ಬಟ್ಟೆ ಹೊಲಿಯುವ ಹೆಂಗಸೊಬ್ಬಳು ತನ್ನ ವಯಸ್ಸಾದ ತಾಯಿಯ ಜೊತೆ ಇದ್ದಳು. ಬಾಗಿಲು ತೆರೆದದ್ದೇ ತಡ, ನಾತ ಮುಖಕ್ಕೆ ರಾಚಿತು. ಫಿನಾಯಿಲಿನ ಘಾಟು, ಅದರಡಿಯಲ್ಲಿ ಏನೋ ಕೊಳೆತದ್ದು. ನಾನು ಬಾಯಿ ಬಿಡುವ ಮುಂಚೆಯೇ ಅವಳು, "ದಿನಾ ಎರಡು ಸಲ ನೆಲ ಒರೆಸ್ತೀನಿ ಮೇಡಂ," ಎಂದಳು, ತಾನೇ ತಪ್ಪು ಮಾಡಿದವಳ ಹಾಗೆ. "ಆದ್ರೂ ನಾವೇ ಗಲೀಜು ಅಂತಾರೆ. ಹೊಲಿಸೋಕೂ ಯಾರೂ ಬರ್ತಿಲ್ಲ."

ಮೇಲಿನ ಎಲ್ಲ ಮನೆಗಳ ಕಕ್ಕಸಿನ ನೀರನ್ನೂ ಹೊತ್ತು ಇಳಿಯುವ ಎರಕದ ಕಬ್ಬಿಣದ ಪೈಪು ಅವಳ ಅಡುಗೆಮನೆಯ ಮೂಲೆಯಲ್ಲಿ, ಒಲೆಯ ಪಕ್ಕದಲ್ಲೇ ಇತ್ತು. ಹೊಸ ಹಸಿರು ಬಣ್ಣ ಫಳಫಳ ಹೊಳೆಯುತ್ತಿತ್ತು. ನನ್ನ ಜೊತೆಗೇ ಒಳಬಂದಿದ್ದ ಭಾವ ಅದರ ಮೈದಡವಿದರು. "ಮೊನ್ನೆ ತಾನೇ ಬಳಿಸಿದ್ದೀನಿ. ಗುಂಡುಕಲ್ಲಿನ ಹಾಗಿದೆ."

"ಮೇಲೆ ಯಾರೂ ನೀರು ಬಿಡಬಾರದು ಅಂತ ಹೇಳಿದ್ದೀರಾ ಭಾವ?"

"ಎಲ್ಲಾರಿಗೂ ಹೇಳಿದ್ದೀನಿ ಬಿಡು."

ಸಣ್ಣ ಸುತ್ತಿಗೆಯಿಂದ ಮೇಲಿನಿಂದ ಕೆಳಕ್ಕೆ ತಟ್ಟುತ್ತ ಬಂದೆ. ಗಟ್ಟಿ ಕಬ್ಬಿಣ ಠಣ್ ಎನ್ನುತ್ತದೆ. ಎದೆಮಟ್ಟಕ್ಕೆ ಬರುತ್ತಲೇ ದನಿ ಸತ್ತಿತು. ಕೊಳೆತ ಕುಂಬಳಕಾಯಿ ತಟ್ಟಿದ ಹಾಗೆ ಬರೀ ದಪ್. ಬಣ್ಣ ಕೆರೆದೆ. ಹಸಿರಿನಡಿ ನೀಲಿ, ನೀಲಿಯಡಿ ಬೂದು, ಅದರಡಿ ಸಿಮೆಂಟು, ಸಿಮೆಂಟಿನಡಿ ಸುತ್ತಿದ ಗೋಣಿಬಟ್ಟೆ. ಎಳೆದರೆ ಗೋಣಿ ಹರಿಯಲಿಲ್ಲ, ಹಳಸಿದ ಅನ್ನದಂತೆ ಲೊಳಲೊಳನೆ ಬೆರಳಿಗೆ ಅಂಟಿ ಬಂತು. ಅದರ ತುಂಬ ಬಿಳಿ ಹುಳು ಮಿಜಿಗುಟ್ಟುತ್ತಿದ್ದವು. ಕೈಗವಸು ಹಾಕಿದ್ದೆ, ಆದರೂ ಕೈ ಕೊಡವಿಕೊಂಡೆ.

ಬಿರುಕು ಗೇಣುದ್ದ ಬಾಯಿ ಬಿಟ್ಟಿತ್ತು. ದಪ್ಪ ಅಳೆಯುವ ಯಂತ್ರವನ್ನು ಪಕ್ಕದಲ್ಲಿ ಒತ್ತಿ ನೋಡಿದೆ. ತುಕ್ಕು ತಿಂದು ಉಳಿದದ್ದು ರಟ್ಟಿನಷ್ಟು ಕಬ್ಬಿಣ. ಸುತ್ತಲ ಲೋಹ ಗಟ್ಟಿಯಿದ್ದರೆ ಪಟ್ಟಿ ಬಿಗಿದು ಉಳಿಸಬಹುದು. ಇಲ್ಲಿ ಬಿಗಿದರೆ ಪೈಪೇ ಪುಡಿ.

"ಇದನ್ನ ತೆಗೀಲೇಬೇಕು ಭಾವ. ಇವತ್ತೇ ಬಂದ್ ಮಾಡ್ಬೇಕು."

"ಮೇಲಿನೋರು ಎಲ್ಲಿಗೆ ಹೋಗ್ಬೇಕು? ಇನ್ನೊಂದು ಕೋಟ್ ಹೊಡಿಸ್ತೀನಿ. ಹೇಗೂ ಇವರಿಗೆ ಅಭ್ಯಾಸ ಆಗಿದೆ."

ಹೊಲಿಗೆಯವಳು ಅವರನ್ನೇ ದಿಟ್ಟಿಸಿದಳು. "ಅಂದ್ರೆ, ನಿಮಗೆ ಗೊತ್ತಿತ್ತಾ ಸಾರ್? ಮತ್ತೆ ನಮ್ಮನ್ನ ಗಲೀಜು ಅಂದ್ರಲ್ಲ?"

ಅಷ್ಟರಲ್ಲಿ ಮೇಲೆಲ್ಲೋ ನೀರು ಬಿಟ್ಟ ಸದ್ದಾಯಿತು. ಪೈಪು ಗುಳುಗುಳು ಎಂದಿತು. ನಾನು ಹಿಂದೆ ಸರಿಯುವಷ್ಟರಲ್ಲಿ ಬಿರುಕಿನ ಅಂಚು ಕಳಚಿತು. ಭಾವನ ಅಂಗಿ, ಒಲೆ, ತೊಳೆದು ಬೋರಲು ಹಾಕಿದ್ದ ಪಾತ್ರೆ, ಎಲ್ಲದರ ಮೇಲೂ ಕಂದು ನೀರು ಚಿಮ್ಮಿತು. ಭಾವ ಓಕರಿಸುತ್ತ ಹೊರಗೋಡಿದರು. ಅಲ್ಲಿಂದಲೇ ಕೂಗಿದರು: "ನೀನು ಸುತ್ತಿಗೇಲಿ ಹೊಡೆದಿದ್ದಕ್ಕೇ ಒಡೀತು!"

ಮೈಮೇಲೆ ಬಿದ್ದ ಹನಿಗಳಿಗಿಂತ ಹೆಚ್ಚು ಹೇಸಿಗೆ ಆ ಮಾತಿಗಾಯಿತು.

ಮೆಟ್ಟಿಲು ಹತ್ತಿ ಒಂದೊಂದೇ ಬಾಗಿಲು ಬಡಿದೆ. ಭಾವ ಯಾರಿಗೂ ಏನೂ ಹೇಳಿರಲಿಲ್ಲ. ನೀರು ಬಿಟ್ಟದ್ದು ಅಕ್ಕನೇ.

"ಬಂದ್ಯಾ? ಊಟ ಮಾಡ್ಕೊಂಡು ಹೋಗೇ," ಎಂದಳು.

"ಮೊದಲು ಕೆಳಗೆ ಬಾ," ಎಂದು ಕೈಹಿಡಿದು ಕರೆತಂದೆ.

ಆ ಅಡುಗೆಮನೆಯಲ್ಲಿ ಮುದುಕಿ ಪಾತ್ರೆಗಳನ್ನು ಬಕೆಟ್ಟಿಗೆ ತುಂಬುತ್ತಿದ್ದಳು. ಅಕ್ಕ ಮೂಗು ಮುಚ್ಚಿಕೊಂಡು ಹೊಸಿಲಲ್ಲೇ ನಿಂತಳು. ಆಮೇಲೆ ಕೈ ಇಳಿಸಿದಳು.

"ಇವರದೇ ವಾಸನೆ ಅಂದ್ಕೊಂಡಿದ್ದೆ ಕಣೆ," ಎಂದಳು ಮೆಲ್ಲಗೆ. "ಎದುರಿಗೆ ಸಿಕ್ಕಿದ್ರೆ ಮುಖ ತಿರುಗಿಸ್ತಿದ್ದೆ."

ಪೈಪು ಅಂದೇ ಬಂದ್ ಆಯಿತು. ಕಟ್ಟಡದವರೆಲ್ಲ ಪಕ್ಕದ ಕಟ್ಟಡದ ಕಕ್ಕಸಿನ ಮುಂದೆ ಸಾಲು ನಿಂತು ನನಗೆ ಶಾಪ ಹಾಕಿದರು. ಹೊರಗೋಡೆಗೆ ಹೊಸ ಪೈಪು ಬರುವವರೆಗೆ ತಾಯಿ ಮಗಳನ್ನು ಅಕ್ಕ ತನ್ನ ಮನೆಯಲ್ಲೇ ಇಟ್ಟುಕೊಂಡಳು. ಅವರ ಜೊತೆ ಕೂತು ಉಣ್ಣಲು ಭಾವನಿಗೆ ಆಗಲಿಲ್ಲವಂತೆ. ತಟ್ಟೆ ಎತ್ತಿಕೊಂಡು ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರಂತೆ. ಅಕ್ಕ ಒಂದು ದಿನವೂ ಆ ಬಾಗಿಲು ತಟ್ಟಲಿಲ್ಲ.